ಬಿಸಿ ದೋಸೆಗಾಗಿ ಒಂದು ಸಾವು

ಹೆಂಡತಿಗೆ ಒಂದು ದೋಸೆ ಕೊಡಿಸುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ.

ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು. ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನು. ನಮ್ಮಪ್ಪ ಕುರಿ ಎಣಿಸುವಷ್ಟು ಲೆಕ್ಕ ಕಲಿತಿದ್ದ. ನಮ್ಮ ತಾತ ಅದನ್ನೂ ಕಲಿತಿರಲಿಲ್ಲ, ಕುರಿಗಳ ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಿದ್ದ. ನಾನು ಹಿರೇಗುಂಟನೂರು ಕಡೆಯ ಒಂದು ಹಟ್ಟಿಯಿಂದ ಚಿತ್ರದುರ್ಗಕ್ಕೆ ಬಂದು, ಹಾಸ್ಟೆಲ್ಲಿನ ಸಾರು ಕುಡಿದು, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಮೂರನೇ ಸಲ ಎದ್ದು, ಪದವಿ ತಗೊಂಡು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದವನು. ಎಂಥೆಂಥ ಕಡತಗಳನ್ನೋ ವಿಲೇವಾರಿ ಮಾಡಿದ್ದೇನೆ. ಒಂದು ದೋಸೆಯನ್ನು ವಿಲೇವಾರಿ ಮಾಡಲಾರೆನೇ?

ದೋಸೆ ಅಂದರೆ ಎಲ್ಲೆಂದರಲ್ಲಿ ಸಿಗುವ ದೋಸೆಯಲ್ಲ. ಬೇವಿನಮರದ ಹೋಟ್ಲಿನ ಬೆಣ್ಣೆ ಖಾಲಿ ದೋಸೆ. ಆ ಹೋಟ್ಲಿಗೆ ಬೇರೆ ಏನೋ ಹೆಸರಿದೆ, ಬೋರ್ಡು ಮಾಸಿರುವುದರಿಂದ ಯಾರಿಗೂ ಗೊತ್ತಿಲ್ಲ. ಎದುರಿಗಿದ್ದ ಬೇವಿನಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ಈಗ ಮರ ಇಲ್ಲ, ಬುಡದ ಮೋಟು ಇದೆ, ಹೆಸರಿದೆ. ಕಾಲೇಜಿನಲ್ಲಿದ್ದಾಗ ನಾನು ಆ ಮರದ ಕೆಳಗೆ ನಿಂತು, ಒಳಗೆ ತಿನ್ನುವವರನ್ನು ಕಿಟಕಿಯಲ್ಲಿ ನೋಡುತ್ತಿದ್ದೆ. ನೋಡುವುದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ. ಒಂದು ದಿನ ನೌಕರಿ ಹಿಡಿದು, ಹೆಂಡತಿ ಜೊತೆ ಅದೇ ಕಿಟಕಿ ಪಕ್ಕ ಕೂತು ತಿನ್ನುತ್ತೇನೆ ಎಂದು ಆಗಲೇ ತೀರ್ಮಾನ ಮಾಡಿದ್ದೆ. ನೌಕರಿ ಸಿಕ್ಕಿತು. ಹೆಂಡತಿಯೂ ಸಿಕ್ಕಳು. ಕಿಟಕಿ ಪಕ್ಕದ ಟೇಬಲ್ಲೂ ಸಿಕ್ಕಿತು. ಆದರೆ ಅಷ್ಟರಲ್ಲಿ ಮಕ್ಕಳಾದವು.

ಬೆಣ್ಣೆ ದೋಸೆಯ ಆಯಸ್ಸು ನಾಲ್ಕು ನಿಮಿಷ. ಆಮೇಲೆ ಬೆಣ್ಣೆ ಹೆಪ್ಪುಗಟ್ಟುತ್ತದೆ, ದೋಸೆ ಚರ್ಮವಾಗುತ್ತದೆ. ನನ್ನ ಮಗ ಚೇತನನಿಗೆ ನಾಲ್ಕು ವರ್ಷ. ಅವನ ಹೊಟ್ಟೆಗೂ ಹೋಟ್ಲಿನ ಅಡುಗೆಮನೆಗೂ ಒಳಗಿಂದೊಳಗೆ ಏನೋ ಸಂಪರ್ಕವಿದೆ. ಆರ್ಡರ್ ಕೊಟ್ಟಾಗ ಬರುವುದಿಲ್ಲ, ಕಾಯುವಾಗ ಬರುವುದಿಲ್ಲ, ತಟ್ಟೆ ಟೇಬಲ್ಲಿಗೆ ತಾಗಿದ ಕ್ಷಣಕ್ಕೆ ಸರಿಯಾಗಿ ಕಿರುಬೆರಳು ಎತ್ತುತ್ತಾನೆ.

"ಬಾರಪ್ಪ, ನಾನು ಕರ್ಕಂಡು ಹೋಗ್ತೀನಿ" ಅಂದರೆ, "ಅಮ್ಮನೇ ಬೇಕು!"

ಅಮ್ಮ ಏಳುತ್ತಾಳೆ. ಹಿತ್ತಲಿಗೆ ಹೋಗಿ, ಸೌದೆ ರಾಶಿ ದಾಟಿ, ಕೆಲಸ ಮುಗಿಸಿ, ಅಲ್ಲಿರುವ ಬೆಕ್ಕಿನ ಮರಿಯನ್ನು ಅವನು ಮಾತಾಡಿಸುವವರೆಗೂ ಕಾದು ಬರುವಷ್ಟರಲ್ಲಿ ದೋಸೆ ತೀರಿಕೊಂಡಿರುತ್ತದೆ. ಒಂದು ಸಲ ಪಾಪ, ತಣ್ಣಗಾಗಬಾರದು ಎಂದು ಅವಳ ದೋಸೆಯಲ್ಲಿ ಅರ್ಧವನ್ನು ನಾನೇ ತಿಂದು ಕಾಪಾಡಿದೆ. ಅದಕ್ಕೆ ಕೃತಜ್ಞತೆ ದೊರೆಯಲಿಲ್ಲ.

ಈ ಹೋಟ್ಲಿನ ವಾಸ್ತು ಸರಿಯಿಲ್ಲವೇನೋ ಎಂದು, ಮಾರಿಕಣಿವೆ ಅಣೆಕಟ್ಟು ನೋಡಿಕೊಂಡು ಬರುವಾಗ ಹಿರಿಯೂರಿನ ಒಂದು ಹೋಟ್ಲಿಗೆ ನುಗ್ಗಿದೆವು. ಅಲ್ಲಿ ಎಂಟು ವರ್ಷದ ಮಗಳು ಭೂಮಿಕಾ ಗೋಡೆಯ ಮೇಲಿನ ತಿಂಡಿಪಟ್ಟಿಯನ್ನು ದರ ಸಮೇತ, ಶಾಲೆಯಲ್ಲಿ ಪಾಠ ಓದುವ ಹಾಗೆ, ಎದ್ದು ನಿಂತು ಗಟ್ಟಿಯಾಗಿ ಓದಿದಳು. ಎಲ್ಲರೂ ಅವಳನ್ನು ನೋಡುತ್ತಿದ್ದಾಗ ಚೇತನ್ ಕಾಣೆಯಾದ. ಆಮೇಲೆ ಪಕ್ಕದ ಟೇಬಲ್ಲಿನ ಕೆಳಗೆ ಸಿಕ್ಕ. ಕೈಯಲ್ಲಿ ಅವರ ವಡೆ ಇತ್ತು. ನನ್ನ ಹೆಂಡತಿ ಶಶಿಕಲಾ ಆ ಟೇಬಲ್ಲಿನವರ ಮುಂದೆ ಕೈಮುಗಿದು ಕ್ಷಮೆ ಕೇಳಿ, ಅವರದು ಹೊಳಲ್ಕೆರೆ ಎಂದು ತಿಳಿದು, ದೂರದ ನೆಂಟಸ್ತನವೂ ಹೊರಟು, ವಾಪಸ್ ಬಂದಾಗ ದೋಸೆಯ ಮೇಲೆ ನೊಣ ಕೂತಿತ್ತು. ನೊಣಕ್ಕೂ ಅದು ತಣ್ಣಗಿದೆ ಎಂದು ಗೊತ್ತಾಗಿತ್ತು.

ಆ ದಿನ ಮನೆಗೆ ಬಂದು ಶಶಿ ತನ್ನ ಬೇಡಿಕೆಯನ್ನು ಮಂಡಿಸಿದಳು.

"ಬರೋ ಭಾನುವಾರಕ್ಕೆ ನಮ್ಮ ಮದುವೆಯಾಗಿ ಹತ್ತು ವರ್ಷ. ನಂಗೆ ಬಂಗಾರ ಬೇಡ, ಬಳೆ ಬೇಡ. ಒಂದು ದೋಸೆ. ಬಿಸೀದು. ಮೊದಲ್ನೇ ತುತ್ತಿಂದ ಕೊನೇ ತುತ್ತಿನ ತನಕ ಕುಂತ ಜಾಗದಿಂದ ನಾನು ಏಳಬಾರ್ದು."

"ಅಷ್ಟೇನಾ?" ಎಂದೆ.

"ಅಷ್ಟೇ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡ್ರಿ. ಹೊಸದುರ್ಗಕ್ಕೆ ಹೋಗ್ತೀನಿ, ನಮ್ಮಣ್ಣ ಕೊಡಿಸ್ತಾನೆ."

ಅವಳಣ್ಣ ಒಂಬತ್ತನೇ ಕ್ಲಾಸ್ ಫೇಲು. ಹೊಸದುರ್ಗದಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದಾನೆ. ವಾರಕ್ಕೊಂದು ಸಲ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಟ್ಲಿಗೆ ಹೋಗಿ, ಫೋಟೋ ತೆಗೆದು ನಮಗೆ ಕಳಿಸುತ್ತಾನೆ. ನನ್ನನ್ನು ಕಂಡಾಗಲೆಲ್ಲ, "ಏನ್ ಭಾವ, ಓದಿದೋರು ನೀವು, ನಮಗೇನ್ ಗೊತ್ತಾಗ್ತೈತೆ" ಎಂದು ವಿನಯದಿಂದ ಚುಚ್ಚುತ್ತಾನೆ. ನನ್ನ ಹೆಂಡತಿ ತಿನ್ನುವ ಹತ್ತನೇ ವರ್ಷದ ದೋಸೆಯನ್ನು ಅವನು ಕೊಡಿಸುವುದೆಂದರೆ, ನನ್ನ ಬಿ.ಎ. ಪ್ರಮಾಣಪತ್ರದಲ್ಲಿ ಪಕೋಡ ಕಟ್ಟಿದಂತೆ.

"ಭಾನುವಾರ. ಬೇವಿನಮರ. ಕಿಟಕಿ ಪಕ್ಕ. ಮಕ್ಕಳಿಲ್ಲದೆ" ಎಂದು ಆದೇಶ ಹೊರಡಿಸಿದೆ.

ಮಕ್ಕಳನ್ನು ನೋಡಿಕೊಳ್ಳಲು, ಕಾರಣ ಹೇಳದೆ, ಹಟ್ಟಿಯಿಂದ ಅವ್ವನನ್ನು ಕರೆಸಿದೆ. ಶನಿವಾರವೇ ಬಂದಳು, ಜೊತೆಗೆ ಒಂದು ಚೀಲ ಹುರುಳಿಕಾಳು. ಇಲ್ಲಿಯವರೆಗೆ ಎಲ್ಲವೂ ನಿಯಮಾನುಸಾರ ನಡೆಯಿತು.

ಇಲ್ಲಿ ಅವ್ವನ ಹೋಟ್ಲು ಸಿದ್ಧಾಂತವನ್ನು ಹೇಳಬೇಕು. ಅವಳ ಪ್ರಕಾರ ಹೋಟ್ಲಿಗೆ ಹೋಗುವವರು ಮೂರು ಜಾತಿ: ಕೋರ್ಟಿನಲ್ಲಿ ಕೇಸ್ ಇರುವವರು, ಆಸ್ಪತ್ರೆಯಲ್ಲಿ ಮಂದಿ ಇರುವವರು, ಬಸ್ ತಪ್ಪಿಸಿಕೊಂಡವರು. ಮನೆ ಇದ್ದು, ಮನೆಯಲ್ಲಿ ಒಲೆ ಇದ್ದು, ಹೋಟ್ಲಿನಲ್ಲಿ ಉಂಡರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಹಿಂದೊಮ್ಮೆ ಭೂಮಿಕಾ ಬಾಯಿತಪ್ಪಿ, "ಅಜ್ಜಿ, ನಾವು ಹೋಟ್ಲಲ್ಲಿ ಊಟ ಮಾಡಿದ್ವಿ" ಎಂದಿದ್ದಳು. ಮಾರನೇ ದಿನ ಹಟ್ಟಿಯಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿ, "ಗಂಡ ಹೆಂಡ್ರ ಜಗಳ ನಾಕು ಗ್ವಾಡೆ ಒಳಗೆ ಇರ್ಬೇಕು ಕಣಪ್ಪ. ನಾನು ಬಂದು ಕುಂತು ಬಗೆಹರಿಸ್ಲೇನು?" ಎಂದ. ಆದ್ದರಿಂದ ಹೋಟ್ಲು ಎಂಬ ಪದವನ್ನು ಅವ್ವನ ಮುಂದೆ ಬಳಸಬಾರದೆಂದು ನಮ್ಮ ಮನೆಯಲ್ಲಿ ಅಲಿಖಿತ ಸುತ್ತೋಲೆ ಇತ್ತು.

ಭಾನುವಾರ ಬೆಳಿಗ್ಗೆ ಏಳೂವರೆ. ಮಕ್ಕಳು ಮಲಗಿದ್ದವು. ಶಶಿ ಗಿಳಿಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಕೋಣೆಯಿಂದ ಹೊರಗೆ ಬರುವುದರಲ್ಲಿದ್ದಳು. ನಾನು ಶೂ ಹಾಕಿಕೊಳ್ಳುತ್ತಿದ್ದೆ.

"ಎಲ್ಲಿಗ್ಲೇ ತಿಪ್ಪೇಸಿ, ಇಷ್ಟೊತ್ನಾಗೆ?" ಎಂದಳು ಅವ್ವ.

ಎಂಥ ಆಡಿಟ್ ಬಂದರೂ ಉತ್ತರ ಸಿದ್ಧವಿಟ್ಟುಕೊಳ್ಳುವ ನಾನು, ಈ ಒಂದು ಪ್ರಶ್ನೆಗೆ ತಯಾರಿ ಮಾಡಿರಲಿಲ್ಲ! ಆದರೂ ಪದವೀಧರನ ತಲೆ ಬೇಗ ಓಡಿತು. ಮದುವೆ ಎಂದರೆ ಮಕ್ಕಳನ್ನೂ ಕರ್ಕಂಡು ಹೋಗು ಅನ್ನುತ್ತಾಳೆ. ಆಸ್ಪತ್ರೆ ಎಂದರೆ ತಾನೂ ಹೊರಡುತ್ತಾಳೆ. ಮಕ್ಕಳೂ ಬರಬಾರದು, ಮುದುಕರೂ ಬರಬಾರದು, ಗಂಡ ಹೆಂಡತಿ ಮಾತ್ರ ಹೋಗಬೇಕು. ಅಂಥ ಜಾಗ ಯಾವುದು?

"ಸಾವಿನ ಮನೆಗೆ" ಎಂದೆ.

ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಬೆನ್ನು ತಟ್ಟಿಕೊಂಡೆ. ಅದೇ ಕೊನೆ. ಆಮೇಲೆ ಆ ದಿನ ತಟ್ಟಿಕೊಳ್ಳುವ ಸಂದರ್ಭ ಬರಲಿಲ್ಲ.

"ಅಯ್ಯೋ ಶಿವನೇ! ಯಾರಪ್ಪ?"

"ನಮ್ಮ ಆಫೀಸಿನ ಸಾಹೇಬ್ರ ಮಾವ. ಹೊಳಲ್ಕೆರೆ ಕಡೆ ಬಿ.ದುರ್ಗದಾಗೆ."

"ಎಷ್ಟು ವಯಸ್ಸಾಗಿತ್ತು?"

"ಎಪ್ಪತ್ತು."

"ಏನಾಗಿತ್ತು?"

"ಏನಿಲ್ಲ. ವಯಸ್ಸಾಗಿತ್ತು."

ಅವ್ವನ ಮುಖ ಬಿಗಿಯಾಯಿತು. "ಎಪ್ಪತ್ತು ಒಂದು ವಯಸ್ಸೇನಲೇ? ನಂಗೆ ಎಪ್ಪತ್ತೆರಡು."

"ಎಂಬತ್ತೈದು ಅವ್ವ! ಎಂಬತ್ತೈದು. ಬಾಯಿ ತಪ್ತು."

ಇಲ್ಲದ ಮನುಷ್ಯನಿಗೆ ನಿಂತ ನಿಲುವಿನಲ್ಲೇ ಹದಿನೈದು ವರ್ಷ ಆಯಸ್ಸು ಮಂಜೂರು ಮಾಡಿದೆ. ಅವ್ವ ಸಮಾಧಾನಗೊಂಡು, "ತುಂಬಿದ ಜೀವ ಬಿಡು" ಎಂದು ಕಣ್ಣೊರೆಸಿಕೊಂಡಳು. ಅದೇ ಹೊತ್ತಿಗೆ ಶಶಿ ಗಿಳಿಹಸಿರಿನಲ್ಲಿ ಹೊರಗೆ ಬಂದಳು.

"ಏನವ್ವ ಶಶಿ! ಸಾವಿನ ಮನೆಗೆ ಹೂ ಮುಡ್ಕಂಡು ಹೋಗ್ತಾರೇನು?"

ಶಶಿ ನನ್ನನ್ನು ನೋಡಿದಳು. ಹತ್ತು ವರ್ಷದಲ್ಲಿ ನಾವು ಕಣ್ಣಿನಲ್ಲೇ ಮಾತಾಡುವುದನ್ನು ಕಲಿತಿದ್ದೇವೆ. ಅವಳ ಕಣ್ಣು ಹೇಳಿದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಒಳಗೆ ಹೋಗಿ, ಹೂ ತೆಗೆದಿಟ್ಟು, ಒಗೆದು ಒಗೆದು ಯಾವ ಬಣ್ಣವೆಂದು ಅದಕ್ಕೇ ಮರೆತುಹೋಗಿರುವ ಒಂದು ಹಳೇ ಸೀರೆ ಉಟ್ಟು ಬಂದಳು. ಮದುವೆಯ ಹತ್ತನೇ ವರ್ಷದ ಉಡುಗೆ.

"ಬರ್ತೀವಿ ಅವ್ವ" ಎಂದು ಸ್ಕೂಟರ್ ಕೀ ತಗೊಂಡೆ.

"ನಿಂತ್ಕಳೋ! ಬರಿಗೈಯಾಗೆ ಹೊಂಟೀಯಾ? ಅವರ ಮನೆಯಾಗೆ ಇವತ್ತು ಒಲೆ ಹಚ್ಚಂಗಿಲ್ಲ. ಮಣ್ಣಿಗೆ ಬಂದ ನೆಂಟ್ರೆಲ್ಲ ಉಪಾಸ ಇರ್ತಾರೆ. ಬುತ್ತಿ ತಗಂಡು ಹೋಗಾದಲ್ವೇನೋ? ಬಿಎ ಓದಿದ್ಯಂತೆ, ಇಷ್ಟೂ ತಿಳಿವಳಿಕೆ ಬ್ಯಾಡ್ವೇ?"

ನಮ್ಮ ಕಡೆ ಸಾವಾದ ಮನೆಗೆ ನೆಂಟರು, ನೆರೆಯವರು ಅಡುಗೆ ಮಾಡಿಕೊಂಡು ಹೋಗುವುದು ರೂಢಿ. ನನಗೆ ಚೆನ್ನಾಗಿಯೇ ಗೊತ್ತು. ಆದರೆ ಸುಳ್ಳು ಹೇಳುವಾಗ ನಾನು ಸಾವಿನ ವಿಷಯ ಮಾತ್ರ ಯೋಚಿಸಿದ್ದೆ, ಊಟದ ವಿಷಯ ಯೋಚಿಸಿರಲಿಲ್ಲ.

"ಅಲ್ಲೇ ಹೋಟ್ಲಿಂದ ಏನಾದ್ರೂ..." ಎಂದು ಶುರು ಮಾಡಿದೆ.

"ಹೋಟ್ಲು!" ಎಂದಳು ಅವ್ವ. ಸುತ್ತೋಲೆ ನೆನಪಾಗಿ ಬಾಯಿ ಮುಚ್ಚಿದೆ.

ಮುಂದಿನ ಒಂದೂವರೆ ಗಂಟೆ ನಮ್ಮ ಅಡುಗೆಮನೆಯಲ್ಲಿ ಒಂದು ಮಹಾಯಜ್ಞ ನಡೆಯಿತು. ತಂದಿದ್ದ ಹುರುಳಿಯಲ್ಲಿ ಅರ್ಧ ಸಾರಾಯಿತು. ಡಬ್ಬದಲ್ಲಿದ್ದ ರಾಗಿ ಹಿಟ್ಟೆಲ್ಲ ಮುದ್ದೆಯಾಯಿತು. ಮುದ್ದೆ ತಿರುವಿದ್ದು ಶಶಿ. ದೋಸೆ ತಿನ್ನಲು ಹೊರಟ ಕೈ! ಕೊನೆಯ ಮುದ್ದೆ ಕಟ್ಟುವ ಹೊತ್ತಿಗೆ ಗ್ಯಾಸ್ ಒಲೆ ಎರಡು ಸಲ ಕೆಮ್ಮಿ ಆರಿಹೋಯಿತು. ಇನ್ನೊಂದು ಸಿಲಿಂಡರ್ ಬುಕ್ ಮಾಡ್ರಿ ಎಂದು ಶಶಿ ಹದಿನೈದು ದಿನದಿಂದ ಹೇಳುತ್ತಿದ್ದಳು. ಆ ವಿಷಯ ನನ್ನ ಪರಿಶೀಲನೆಯಲ್ಲಿತ್ತು.

"ಮಕ್ಕಳಿಗೆ ಎರಡು ಮುದ್ದೆ ಎತ್ತಿಡಾಣ" ಎಂದೆ.

"ಸಾವಿನ ಮನೆಗೆ ಅಂತ ಮಾಡಿದ್ದನ್ನ ಮೊದ್ಲೇ ಮನೆ ಮಕ್ಕಳು ಮುಟ್ಟಂಗಿಲ್ಲ. ಅವು ಏಳ್ಲಿ, ನಾನು ಏನಾರ ನೋಡ್ಕಂತೀನಿ. ನೀವು ಹೋಗ್ರಿ, ಹೆಣ ಎತ್ತಿಬಿಟ್ಟಾರು!"

ಒಂದು ಪುಟ್ಟಿ ತುಂಬ ಮುದ್ದೆ, ನಮ್ಮಪ್ಪನ ಹೆಸರು ಕೊರೆಸಿದ ದೊಡ್ಡ ಪಾತ್ರೆಯ ತುಂಬ ಸಾರು. ಬಿಸಿ ಆರಬಾರದೆಂದು ಎರಡಕ್ಕೂ ಸೇರಿಸಿ ಅವ್ವ ತನ್ನ ಕರಿ ಕಂಬಳಿ ಹೊದಿಸಿದಳು. "ಇದು ಮದ್ಯಾನದ ಗಂಟ ಕೈ ಸುಡ್ತಿರ್ತೈತೆ ನೋಡು" ಎಂದಳು. ಪಾತ್ರೆ ಸ್ಕೂಟರಿನ ಮುಂದೆ ನನ್ನ ಕಾಲ ನಡುವೆ, ಪುಟ್ಟಿ ಹಿಂದೆ ಶಶಿಯ ತೊಡೆಯ ಮೇಲೆ. ಹೋಟ್ಲು ಇರುವುದು ಎಡಕ್ಕೆ. ಅವ್ವ ಗೇಟಿನಲ್ಲಿ ನಿಂತು ನೋಡುತ್ತಿದ್ದರಿಂದ ಬಲಕ್ಕೆ, ಹೊಳಲ್ಕೆರೆ ರಸ್ತೆಯ ಕಡೆಗೆ, ಗಂಭೀರವಾಗಿ ಹೊರಟೆವು. ಊರು ಸುತ್ತಿ ಎಡಕ್ಕೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಶಶಿ ಒಂದೇ ಒಂದು ಮಾತಾಡಿದಳು.

"ನಮ್ಮಣ್ಣ ಆಗಿದ್ರೆ ಮದುವೆಗೆ ಅಂತ ಹೇಳಿರೋನು."

ನಾನು ಪಾತ್ರೆಯನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದೆ. ಸಾರು ತುಳುಕುತ್ತಿತ್ತು.

ಗುರುತಿನವರ ಕಣ್ಣಿಗೆ ಬೀಳಬಾರದೆಂದು ಸ್ಕೂಟರನ್ನು ಹೋಟ್ಲಿನ ಹಿಂದಿನ ಸಂದಿಯಲ್ಲಿ ನಿಲ್ಲಿಸಿ, ಸಾಮಾನು ಹೊತ್ತುಕೊಂಡು ಮುಂದಿನ ಬಾಗಿಲಿಗೆ ಬಂದೆವು. ಗಲ್ಲಾದಲ್ಲಿ ಕೂತಿದ್ದ ಮಾಲೀಕ ರುದ್ರಣ್ಣ ಕನ್ನಡಕ ಸರಿಮಾಡಿಕೊಂಡ.

"ಬರ್ರಿ ಬರ್ರಿ ತಿಪ್ಪೇಶಣ್ಣ. ಇದೇನ್ರೀ ಇದು, ಹೋಟ್ಲಿಗೆ ಬುತ್ತಿ ಕಟ್ಕಂಡು ಬಂದೀರಾ? ನಮ್ಮ ಅಡುಗೆ ಮ್ಯಾಲೆ ನಂಬಿಕೆ ಹೋತಾ?"

ಅವನ ತಲೆಯ ಮೇಲೆಯೇ 'ಹೊರಗಿನ ತಿಂಡಿ ತರಬಾರದು' ಎಂದು ಬೋರ್ಡಿತ್ತು. ಇಷ್ಟು ಹೊತ್ತು ಸುಳ್ಳು ಹೇಳಿ ಹಾಳಾಗಿದ್ದೇನೆ, ಇನ್ನು ಮೇಲಾದರೂ ಸರಳವಾಗಿ ಹೇಳೋಣವೆಂದು, "ತಿನ್ನೋಕಲ್ಲ ರುದ್ರಣ್ಣ, ಇದು ಸಾವಿನ ಮನೆ ಬುತ್ತಿ" ಎಂದೆ.

ರುದ್ರಣ್ಣ ಎದ್ದೇ ನಿಂತ. "ಏ ಏ ಏ! ಭಾನುವಾರದ ವ್ಯಾಪಾರ ಕಣ್ರೀ! ಸಾವಿನ ಮನೆದನ್ನ ಹೊಸ್ತಿಲ ಒಳಗೆ ತರಬ್ಯಾಡ್ರಿ. ಅಲ್ಲಿ, ಆ ಮೋಟಿನ ಮ್ಯಾಲೆ ಇಡ್ರಿ. ಯಾರೂ ಮುಟ್ಟಲ್ಲ, ನಾನು ಹೇಳ್ತೀನಿ."

ಹೀಗೆ ಅವ್ವನ ಪುಟ್ಟಿ, ಅಪ್ಪನ ಪಾತ್ರೆ, ಕರಿ ಕಂಬಳಿ, ಮೂರೂ ರಸ್ತೆ ಬದಿಯ ಬೇವಿನ ಮೋಟಿನ ಮೇಲೆ ಪ್ರತಿಷ್ಠಾಪನೆಯಾದವು. ನಾವು ಒಳಗೆ ಹೋಗಿ ಕಿಟಕಿ ಪಕ್ಕ ಕೂತೆವು. ಎರಡು ಬೆಣ್ಣೆ ಖಾಲಿ ಹೇಳಿದೆವು.

ಎಷ್ಟೋ ವರ್ಷದ ಮೇಲೆ ನಾವಿಬ್ಬರೇ ಎದುರುಬದುರು ಕೂತಿದ್ದೆವು. ನಾನು ಗಂಟಲು ಸರಿಮಾಡಿಕೊಂಡೆ. ಏನಾದರೂ ಒಳ್ಳೆಯ ಮಾತಾಡಬೇಕೆಂದು ಯೋಚಿಸಿದೆ.

"ಚೇತನ್ ಎದ್ದಿರ್ತಾನಾ?" ಎಂದೆ.

"ಎದ್ದಿರ್ತಾನೆ" ಎಂದಳು ಶಶಿ. ಆಮೇಲೆ, "ಭೂಮಿ ಹಲ್ಲುಜ್ಜಿದ್ಲೋ ಇಲ್ವೋ" ಎಂದಳು.

ನಮ್ಮ ಬಳಿ ಇದ್ದ ಮಾತು ಮುಗಿಯಿತು. ಶಶಿ ನೀರಿನ ಲೋಟವನ್ನು ಟೇಬಲ್ಲಿನ ಅಂಚಿನಿಂದ ನಡುವಿಗೆ ಸರಿಸಿದಳು. ಸಕ್ಕರೆ ಡಬ್ಬಿಯನ್ನು ದೂರ ಇಟ್ಟಳು. ಎಳೆಯುವವರು ಯಾರೂ ಇರಲಿಲ್ಲ.

ಆಗ ದೋಸೆ ಬಂತು. ಮೊದಲು ಅವಳದು. ಹೊಗೆಯಾಡುತ್ತಿತ್ತು, ಬೆಣ್ಣೆ ಇನ್ನೂ ಕರಗುತ್ತಿತ್ತು, ಆಲೂಗಡ್ಡೆ ಪಲ್ಯ ಪಕ್ಕದಲ್ಲಿ ಗುಡ್ಡೆ ಕೂತಿತ್ತು. ಶಶಿ ಒಂದು ತುಂಡು ಮುರಿದು, ಬೆರಳ ತುದಿಯಲ್ಲಿ ಹಿಡಿದು, ಫೂ ಫೂ ಎಂದು ಊದತೊಡಗಿದಳು.

"ಏ, ಊದಬ್ಯಾಡ! ಬಿಸಿ ಹೋಗ್ತೈತೆ!" ಎಂದೆ.

"ಅಯ್ಯೋ!" ಎಂದಳು. "ಚೇತನ್‌ಗೆ ಅಂತ ಊದ್ತಿದೀನಿ ಕಣ್ರೀ!"

ಇಬ್ಬರೂ ನಕ್ಕೆವು. ಬೆಳಿಗ್ಗೆಯಿಂದ ಅದೇ ಮೊದಲು ನಕ್ಕದ್ದು. ಅವಳು ಆ ತುಂಡನ್ನು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಹೊರಗೆ ಒಂದು ಧ್ವನಿ ಎದ್ದಿತು.

"ಅಯ್ಯೋ ನನ್ನ ತಿಪ್ಪೇಸೀ...!"

ಆಮೇಲೆ ವಿಚಾರಣೆಯಿಂದ ತಿಳಿದುಬಂದದ್ದೇನೆಂದರೆ: ಮಕ್ಕಳು ಎದ್ದು ಹಸಿವು ಎಂದಿವೆ. ಗ್ಯಾಸ್ ಇಲ್ಲ, ಹಿಟ್ಟಿಲ್ಲ. ಭೂಮಿಕಾ, "ಅಜ್ಜಿ, ನಂಗೆ ದೋಸೆ ಹೋಟ್ಲು ಗೊತ್ತು" ಎಂದಿದ್ದಾಳೆ. ಹಸಿದ ಮೊಮ್ಮಕ್ಕಳ ಮುಂದೆ ಅವ್ವ ತನ್ನ ಸಿದ್ಧಾಂತವನ್ನು ಸಡಿಲಿಸಿ, ಸೊಂಟದ ಚೀಲದಲ್ಲಿ ಪಿಂಚಣಿ ದುಡ್ಡು ಇಟ್ಟುಕೊಂಡು, ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೋಟ್ಲಿಗೆಂದು ಹೊರಟಿದ್ದಾಳೆ. ಹತ್ತಿರ ಬಂದಾಗ ಕಂಡದ್ದು ಮೋಟಿನ ಮೇಲೆ ತನ್ನದೇ ಕಂಬಳಿ, ತನ್ನ ಗಂಡನ ಹೆಸರಿನ ಪಾತ್ರೆ. ಸ್ಕೂಟರ್ ಇಲ್ಲ, ಮಗನಿಲ್ಲ, ಸೊಸೆಯಿಲ್ಲ. ಅಲ್ಲಿ ಟೀ ಕುಡಿಯುತ್ತಿದ್ದ ಆಟೋದವನನ್ನು ಕೇಳಿದ್ದಾಳೆ. ಅವನು ರುದ್ರಣ್ಣನಿಂದ ಕೇಳಿದ್ದಷ್ಟನ್ನೇ ಪ್ರಾಮಾಣಿಕವಾಗಿ ಹೇಳಿದ್ದಾನೆ. "ಮುಟ್ಟಬ್ಯಾಡಜ್ಜಿ. ಯಾರೋ ಸತ್ತಾರಂತೆ."

ನಮ್ಮ ಕಡೆ ಹೆಂಗಸರು ಸತ್ತವರ ಗುಣವನ್ನು ಹಾಡಿ ಹಾಡಿ ಅಳುತ್ತಾರೆ. ಅವ್ವ ಅದರಲ್ಲಿ ಹತ್ತು ಹಳ್ಳಿಗೆ ಹೆಸರುವಾಸಿ. ಬದುಕಿದ್ದಾಗಲೇ ತನ್ನ ಹಾಡನ್ನು ಕೇಳುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ನನಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು.

"ದುರ್ಗದ ಕಾಲೇಜಿಗೆ ಹೋಗಿ ಬಿಎ ಓದಿದ್ಯಲ್ಲೋ ನನ್ನಪ್ಪಾ...! ಎರಡು ಸಲ ಫೇಲಾದ್ರೂ ಬಿಡದಂಗೆ ಕಟ್ಟಿದ್ಯಲ್ಲೋ ನನ್ನ ಮಗನೇ...!"

ಹೋಟ್ಲಿನವರೆಲ್ಲ ತಿರುಗಿದರು. ನಾನು ಒಂದೇ ಸಲಕ್ಕೆ, ಪ್ರಥಮ ದರ್ಜೆಯಲ್ಲಿ ಪಾಸಾದವನೆಂದು ರುದ್ರಣ್ಣನಿಗೆ ಹೇಳಿದ್ದೆ. ಅವನು ಗಲ್ಲಾದಿಂದ ನನ್ನನ್ನು ನಿಧಾನವಾಗಿ ನೋಡಿದ.

"ಕುರಿ ಕಾಯಾಕೆ ಕಳಿಸಿದ್ರೆ ಕುರಿ ಕಳ್ಕಂಡು ಬರ್ತಿದ್ಯಲ್ಲೋ...! ಒಂದು ಮೊಳೆ ಹೊಡೆಯಾಕೆ ಬರ್ತಿರ್ಲಿಲ್ವಲ್ಲೋ ನನ್ನ ಕಂದಾ...!"

"ಶಶಿ, ಏಳು, ಹೋಗಾಣ!" ಎಂದೆ.

ಶಶಿ ಎರಡನೇ ತುಂಡು ಮುರಿದಳು. ಬೆಣ್ಣೆಗೆ ಒತ್ತಿದಳು.

"ನೀವು ಹೋಗ್ರಿ. ಸತ್ತಿರೋರು ನೀವು. ನಾನ್ಯಾಕೆ ಬರ್ಲಿ?"

ಹೊರಗೆ ಓಡಿದೆ. ಹತ್ತಿಪ್ಪತ್ತು ಜನ ಸೇರಿದ್ದರು. ಅವ್ವ ಮೋಟನ್ನು ತಬ್ಬಿ ಕೂತಿದ್ದಳು. ಎರಡೂ ಮಕ್ಕಳು ಅವಳ ಪಕ್ಕ ನಿಂತು, ಅಜ್ಜಿ ಅಳುತ್ತಿದ್ದಾಳೆಂದು ತಾವೂ ಅಳುತ್ತಿದ್ದವು. "ಅವ್ವ, ನಾನಿಲ್ಲೇ ಇದೀನಿ!" ಎಂದೆ. ಅವ್ವ ಹಾಡನ್ನು ಅರ್ಧಕ್ಕೆ ನಿಲ್ಲಿಸಿದಳು. ಎದ್ದು ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು. ಆ ಒಂದು ಕ್ಷಣ ನನಗೆ ನಿಜಕ್ಕೂ ನಾಚಿಕೆಯಾಯಿತು. ಆಮೇಲೆ ಅವಳು ನನ್ನ ಹಿಂದಿನ ಮಾಸಿದ ಬೋರ್ಡು ನೋಡಿದಳು, ಬಾಗಿಲಿಂದ ಬರುತ್ತಿದ್ದ ಬೆಣ್ಣೆಯ ವಾಸನೆ ಹಿಡಿದಳು. ಕುರಿ ತಪ್ಪಿಸಿಕೊಂಡ ಜಾಗ ಗೊತ್ತಾದಾಗ ನಮ್ಮಪ್ಪನ ಮುಖ ಹೀಗೇ ಆಗುತ್ತಿತ್ತು.

"ಬಿ.ದುರ್ಗ ಇದೇನಾ?"

"ಅಲ್ಲ ಅವ್ವ."

"ಸಾಹೇಬ್ರ ಮಾವ?"

"ಇಲ್ಲ ಅವ್ವ. ಅವರು ಇಲ್ವೇ ಇಲ್ಲ."

"ಶಶಿ ಎಲ್ಲಿ?"

"ಒಳಗೆ. ದೋಸೆ ತಿಂತಾಳೆ." ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಎಲ್ಲ ಹೇಳಿಬಿಟ್ಟೆ. ಇವತ್ತಿಗೆ ಮದುವೆಯಾಗಿ ಹತ್ತು ವರ್ಷ, ಮಕ್ಕಳು ಹುಟ್ಟಿದಾಗಿಂದ ಅವಳು ಒಂದು ದೋಸೆಯನ್ನೂ ಬಿಸಿಯಾಗಿ ತಿಂದಿಲ್ಲ, ಕೂತಲ್ಲಿಂದ ಏಳದೆ ಒಂದು ತಿನ್ನಬೇಕೆಂದು ಕೇಳಿದಳು, ಅದಕ್ಕೇ ಇಷ್ಟೆಲ್ಲ.

ಅಷ್ಟರಲ್ಲಿ ಚೇತನ್ ಕಿಟಕಿಯಲ್ಲಿ ತಾಯಿಯನ್ನು ಕಂಡ. "ಅಮ್ಮಾ!" ಎಂದು ಬಾಗಿಲ ಕಡೆ ಹಾರಿದ. ಅವ್ವ ನಿಂತಲ್ಲಿಂದಲೇ ಕೈ ಚಾಚಿ, ಕುರಿ ರೊಪ್ಪದಿಂದ ಹಾರುವ ಮರಿಯನ್ನು ಹಿಡಿಯುವಂತೆ ಅವನ ಅಂಗಿಯ ಕೊರಳಪಟ್ಟಿ ಹಿಡಿದಳು. ಇನ್ನೊಂದು ಕೈಯಲ್ಲಿ ಭೂಮಿಕಾಳ ಜಡೆ.

"ಒಬ್ರೂ ಒಳಗೆ ಹೋಗಂಗಿಲ್ಲ. ಅವಳು ಉಣ್ಲಿ."

"ಅಜ್ಜಿ, ಹಸಿವು!"

"ಇರ್ಲಿ ಬಿಡು. ಹಟ್ಟಿಯಾಗೆ ನಾನು ಎಲ್ರಿಗೂ ಇಕ್ಕಿ, ನಾಯಿಗೂ ಇಕ್ಕಿ, ಆಮ್ಯಾಕೆ ತಣ್ಣನ್ನ ಮುದ್ದೆ ಉಂಡು ಐವತ್ತು ವರ್ಷ ಆತು. ಯಾರಾದ್ರೂ ಒಬ್ರು ಬಿಸೀದು ಉಣ್ಲಿ."

ಬಾಗಿಲಿಗೆ ಅಡ್ಡ ನಿಂತಳು. ಮಕ್ಕಳನ್ನಷ್ಟೇ ಅಲ್ಲ, ದೋಸೆ ತಿನ್ನಲು ಬಂದ ಗಿರಾಕಿಗಳನ್ನೂ ಬಿಡಲಿಲ್ಲ. ರುದ್ರಣ್ಣ ಗಲ್ಲಾದಿಂದ ಇಣುಕಿ, ಅವ್ವನ ಮುಖ ನೋಡಿ, ಮತ್ತೆ ದುಡ್ಡು ಎಣಿಸತೊಡಗಿದ. ಕಿಟಕಿಯೊಳಗೆ ಶಶಿ ಒಂದೊಂದೇ ತುಂಡು ಮುರಿದು, ಚಟ್ನಿಗೊಮ್ಮೆ, ಪಲ್ಯಕ್ಕೊಮ್ಮೆ ಮುಟ್ಟಿಸಿ, ಅವಸರವಿಲ್ಲದೆ ತಿಂದಳು. ಬೀದಿಯಲ್ಲಿ ಇಪ್ಪತ್ತು ಜನ ನಿಂತು ನೋಡಿದೆವು. ಕೊನೆಯ ತುತ್ತಿನಿಂದ ತಟ್ಟೆಯ ಬೆಣ್ಣೆ ಒರೆಸಿ ಬಾಯಿಗಿಟ್ಟುಕೊಂಡಾಗ, ಟೀ ಕುಡಿಯುತ್ತಿದ್ದ ಆಟೋದವನು, "ಆತು ನೋಡಜ್ಜಿ" ಎಂದ. ಅವ್ವ ಮಕ್ಕಳನ್ನು ಬಿಟ್ಟಳು.

ನಾನೂ ಹಿಂದೆಯೇ ಹೊರಟೆ. ನನ್ನ ದೋಸೆ ಟೇಬಲ್ಲಿನ ಮೇಲೆ ಕಾಯುತ್ತಿತ್ತು.

"ನೀನೆಲ್ಲಿಗ್ಲೇ?" ಎಂದಳು ಅವ್ವ. "ಸಾವಿನ ಸುದ್ದಿ ತಂದ ಬಾಯಿ ನಿಂದು. ತಲೆ ಮ್ಯಾಲೆ ನೀರು ಹುಯ್ಕಳೋ ಗಂಟ ಎಲೆ ಮುಂದೆ ಕುಂತ್ಕಳಂಗಿಲ್ಲ. ಹೊರಗಿರು."

"ಅದು ಸುಳ್ಳು ಸಾವು ಅವ್ವ! ಸೂತಕ ಹೆಂಗೆ ಬರ್ತೈತೆ?"

"ಸುಳ್ಳಾದ್ರೇನು, ಅತ್ತಿದ್ದು ನಿಜ ಅಲ್ವೇನು? ಮತ್ತೆ ಆ ಬುತ್ತಿ ಮನೆಗೆ ವಾಪಸ್ ತರಂಗಿಲ್ಲ. ಖಾಲಿ ಮಾಡು."

ಈ ವಾದವನ್ನು ಬಿ.ಎ.ಯಲ್ಲಿ ಕಲಿಸಿರಲಿಲ್ಲ. ಮೋಟಿನ ಮೇಲೆ ಕೂತೆ. ಕಂಬಳಿ ತೆಗೆದಾಗ ಹುರುಳಿ ಸಾರಿನ ವಾಸನೆ ಬೀದಿಗೆಲ್ಲ ಹಬ್ಬಿತು. ಆಟೋದವನು, "ಯಾರೂ ಸತ್ತಿಲ್ಲ ಅಲ್ವಾ ಅಣ್ಣ? ಹಂಗಾರೆ ಒಂದು ಮುದ್ದೆ ಕೊಡ್ರಿ" ಎಂದ. ಅವನ ಹಿಂದೆ ಇನ್ನೊಬ್ಬ. ರುದ್ರಣ್ಣನ ಗಿರಾಕಿಗಳು ಕೆಲವರು ಒಳಗಿಂದ ಎದ್ದು ಬಂದರು. ಹೊತ್ತು ಹತ್ತು ದಾಟಿತ್ತು, ಅವ್ವ ಹೇಳಿದಂತೆ ಮುದ್ದೆ ಇನ್ನೂ ಕೈ ಸುಡುತ್ತಿತ್ತು.

ಒಳಗೆ ಕಿಟಕಿ ಪಕ್ಕ ನನ್ನ ಜಾಗದಲ್ಲಿ ಅವ್ವ ಕೂತಿದ್ದಳು. ನನ್ನ ದೋಸೆ ಮಕ್ಕಳ ಪಾಲಾಯಿತು. ಅವ್ವನಿಗೆ ಹೊಸದು ಬಂತು. ಒಂದು ತುಂಡು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಬೀದಿಗೆ ಕೇಳುವ ಹಾಗೆ ತೀರ್ಪು ಕೊಟ್ಟಳು.

"ರುಚಿ ಐತೆ ಕಣವ್ವ. ಇದನ್ನ ತಿನ್ನಾಕೆ ಒಬ್ಬರನ್ನ ಸಾಯಿಸಬೇಕಾಗಿತ್ತೇನು? ಹೋಟ್ಲಿಗೆ ಹೋಗಾಣ ಬಾ ಅಂದಿದ್ರೆ ನಾನೂ ಬರ್ತಿದ್ನಪ್ಪ."

ಆಗ ಶಶಿಯ ಫೋನ್ ಬಡಿದುಕೊಂಡಿತು. ಹೊಸದುರ್ಗದ ಅಣ್ಣ. ಹತ್ತನೇ ವರ್ಷದ ಶುಭಾಶಯ.

"ಹ್ಞೂ ಅಣ್ಣ, ದೋಸೆ ತಿಂದೆ. ಹ್ಞೂ, ಬಿಸೀದೇ. ಏಳಲೇ ಇಲ್ಲ. ಯಾರು ಕೊಡ್ಸಿದ್ದಾ?" ಕಿಟಕಿಯಲ್ಲಿ ನನ್ನನ್ನು ನೋಡಿದಳು. ಅವ್ವ ಸೊಂಟದ ಚೀಲ ಬಿಚ್ಚಿ ರುದ್ರಣ್ಣನ ಮುಂದೆ ದುಡ್ಡು ಇಡುತ್ತಿದ್ದಳು. "ನಮ್ಮತ್ತೆ ಕೊಡ್ಸಿದ್ರು."

ನಾನು ಮುದ್ದೆ ಮುರಿದೆ. ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಿಂದ, ಇದೇ ಕಿಟಕಿಯಲ್ಲಿ, ಒಳಗೆ ದೋಸೆ ತಿನ್ನುವವರನ್ನು ನೋಡುತ್ತಿದ್ದೆ. ಆಗ ನಿಂತುಕೊಂಡು ನೋಡುತ್ತಿದ್ದೆ. ಈಗ ಕೂತುಕೊಂಡು ನೋಡುತ್ತಿದ್ದೇನೆ. ಪದವಿ ಪಡೆದದ್ದಕ್ಕೆ ಅಷ್ಟಾದರೂ ಅನುಕೂಲವಾಗಿದೆ.